‘ಚಲೋ ಅದ’ ಅಂದರೆ ಸಾಲದು: ಮೆಚ್ಚುಗೆ, ತಪ್ಪು ಎರಡನ್ನೂ ನಂಬುವ ಹಾಗೆ ಹೇಳುವುದು ಹೇಗೆ?

ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಮನೆಯ ಯಜಮಾನರು ಬಂದು ‘ಊಟ ಹೆಂಗಾಗಿತ್ರಿ?’ ಎಂದು ಕೇಳುತ್ತಾರೆ. ‘ಮಸ್ತ್ ಆಗಿತ್ರಿ’ ಎನ್ನುತ್ತೇವೆ. ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿದ್ದರೂ ಅದೇ ಉತ್ತರ. ಇದರಲ್ಲಿ ತಪ್ಪೇನಿಲ್ಲ. ಕೇಳಿದವರಿಗೂ ಅಡುಗೆಯ ವಿಮರ್ಶೆ ಬೇಕಿರುವುದಿಲ್ಲ, ಅದು ನಮಗೂ ಗೊತ್ತು.

ತೊಂದರೆ ಶುರುವಾಗುವುದು ಅದೇ ‘ಮಸ್ತ್’ ಅನ್ನು ಕೆಲಸದ ಜಾಗಕ್ಕೆ, ಮಕ್ಕಳ ನೋಟ್‌ಬುಕ್ಕಿಗೆ, ಸಂಘದ ಸಭೆಗೆ ಹೊತ್ತುಕೊಂಡು ಹೋದಾಗ. ಅಲ್ಲಿ ಒಬ್ಬರ ಕೆಲಸ ಸುಧಾರಿಸಬೇಕಿರುತ್ತದೆ. ಸುಮ್ನೆ ‘ಚಲೋ ಅದ’ ಎಂದು ಎದ್ದು ಬಂದರೆ ಅವರಿಗೆ ಏನೂ ಸಿಗುವುದಿಲ್ಲ. ಬರೀ ತಪ್ಪು ಎಣಿಸುತ್ತಾ ಕೂತರೆ ಮೂರನೆಯದಕ್ಕೇ ಅವರು ಕೇಳುವುದನ್ನು ಬಿಟ್ಟಿರುತ್ತಾರೆ. ಎರಡನ್ನೂ ಹೇಳಬೇಕು, ಎರಡೂ ಖರೆ ಅನ್ನಿಸಬೇಕು. ಅದು ಹೇಗೆ?

ಲೆಕ್ಕ ಇಟ್ಟು ಹೊಗಳಬೇಡಿ

ಕಚೇರಿ ತರಬೇತಿಗಳಲ್ಲಿ ಇದಕ್ಕೊಂದು ಸಿದ್ಧ ಮದ್ದು ಕೊಡುತ್ತಾರೆ. ಅದರ ಹೆಸರು ಸ್ಯಾಂಡ್‌ವಿಚ್ ವಿಧಾನ. ಮೊದಲು ಒಂದು ಮೆಚ್ಚುಗೆ, ನಡುವೆ ತಪ್ಪು, ಕೊನೆಗೆ ಮತ್ತೊಂದು ಮೆಚ್ಚುಗೆ. ನನಗಂತೂ ಇದರ ಮೇಲೆ ನಂಬಿಕೆಯಿಲ್ಲ. ಮೊದಲ ಸಲ ಕೇಳುವವರಿಗೆ ಹಿತವಾಗಿರಬಹುದು. ಎರಡು ತಿಂಗಳು ಕಳೆಯಲಿ, ಸಾಹೇಬರು ‘ನಿಮ್ಮ ಕೆಲಸ ಭಾಳ ಚಲೋ ಅದ’ ಎಂದು ಬಾಯಿ ತೆರೆಯುತ್ತಲೇ ಎದುರಿನವರು ‘ಈಗ ಏನೋ ಕಾದದ’ ಎಂದು ಸೆಟೆದು ಕೂರುತ್ತಾರೆ. ಆಮೇಲೆ ಆ ಸಾಹೇಬರು ಮನಸಾರೆ ಹೊಗಳಿದರೂ ಯಾರೂ ನಂಬುವುದಿಲ್ಲ.

ಒಂದು ತಪ್ಪಿಗೆ ಇಷ್ಟು ಮೆಚ್ಚುಗೆ ಎಂದು ಅಂಕಿ ಕೊಡುವವರೂ ಇದ್ದಾರೆ. ಇಂಥ ಅಂಕಿಗಳಲ್ಲಿ ದೊಡ್ಡ ಹೆಸರು ಮಾಡಿದ್ದು 2.9. ಒಳ್ಳೆಯ ಭಾವನೆಗಳು ಕೆಟ್ಟ ಭಾವನೆಗಳ 2.9 ಪಟ್ಟು ಇದ್ದರೆ ಮಾತ್ರ ಮನುಷ್ಯ ಅರಳುತ್ತಾನೆ ಎಂದು 2005ರಲ್ಲಿ ಅಮೆರಿಕದ ಮನಃಶಾಸ್ತ್ರ ಪತ್ರಿಕೆಯೊಂದರಲ್ಲಿ ಲೇಖನ ಬಂತು. 2013ರಲ್ಲಿ ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಆ ಲೆಕ್ಕವನ್ನು ಬಿಚ್ಚಿ ನೋಡಿ, ಇದರ ಗಣಿತಕ್ಕೆ ಬುಡವೇ ಇಲ್ಲ ಎಂದು ತೋರಿಸಿದರು. ಪತ್ರಿಕೆ ಗಣಿತದ ಆ ಭಾಗವನ್ನು ವಾಪಸ್ ಪಡೆಯಿತು. ಹಾಗಾಗಿ ಬೆರಳು ಎಣಿಸಿ ಹೊಗಳುವುದನ್ನು ಬಿಟ್ಟುಬಿಡಿ.

ಬಾಯಿಗಿಂತ ಮೊದಲು ಕಣ್ಣು

ನಂಬಿಕೆ ಬರದ ಮಾತು ಹುಟ್ಟುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಹೇಳುವವರು ಕೆಲಸವನ್ನು ಸರಿಯಾಗಿ ನೋಡಿರುವುದಿಲ್ಲ. ವರದಿಯನ್ನು ಅರ್ಧ ಓದಿ ‘ಚಲೋ ಬರ್ದೀರಿ, ಇನ್ನೂ ಸುಧಾರಿಸ್ಬೇಕು’ ಎನ್ನುವುದು ಎಲ್ಲ ವರದಿಗೂ ಒಪ್ಪುವ ಮಾತು. ಅದಕ್ಕೇ ಅದು ಯಾವ ವರದಿಗೂ ತಾಕುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ, ಎರಡು ಸಲ ನೋಡುವುದು. ಒಂದು ಸಲ ‘ಇದರಲ್ಲಿ ಯಾವುದನ್ನು ಮುಟ್ಟಬಾರದು’ ಎಂದು. ಇನ್ನೊಂದು ಸಲ ‘ಯಾವುದನ್ನು ಬದಲಿಸಬೇಕು’ ಎಂದು. ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಇನ್ನೂ ಚಲೋ. ಮುಟ್ಟಬಾರದ್ದು ಏನೂ ಕಾಣದಿದ್ದರೆ ಹೊಗಳಿಕೆಯನ್ನು ಹುಟ್ಟಿಸಬೇಡಿ.

ಇಲ್ಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಮೆಚ್ಚುಗೆ ಇರುವುದು ಕಹಿ ಗುಳಿಗೆಯ ಮೇಲೆ ಸಕ್ಕರೆ ಸವರಲಿಕ್ಕಲ್ಲ. ಅದಕ್ಕೆ ಅದರದೇ ಕೆಲಸವಿದೆ. ಯಾವುದು ಸರಿಯಾಗಿದೆ ಎಂದು ಹೇಳದಿದ್ದರೆ, ತಪ್ಪು ತಿದ್ದಲು ಹೊರಟವರು ಸರಿ ಇದ್ದದ್ದನ್ನೂ ಕೆಡಿಸಿ ಕೂರುತ್ತಾರೆ.

ರೊಟ್ಟಿಯ ಅಂಚು

ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಮಹಿಳಾ ಸಂಘಗಳು ಬಹಳ. ಅಂಥ ಒಂದು ಸಂಘಕ್ಕೆ ಹೊಸ ಹುಡುಗಿ ಬಂದಿದ್ದಾಳೆ ಅಂದುಕೊಳ್ಳಿ. ಅವಳ ರೊಟ್ಟಿ ಎಲ್ಲ ಒಂದೇ ಅಳತೆ, ಎಲ್ಲೂ ಕರಕಲಾಗಿಲ್ಲ. ಅಂಚು ಮಾತ್ರ ಸೀಳುತ್ತಿದೆ. ಖಡಕ್ ಮಾಡಿ ಪ್ಯಾಕೆಟ್‌ಗೆ ಹಾಕಿದ ಮೇಲೆ ಸೀಳಿದ ಕಡೆಯಿಂದಲೇ ಚೂರಾಗುತ್ತದೆ.

ಸಿಟ್ಟಿನಲ್ಲಿದ್ದ ಹಿರಿಯಾಕೆ ಹೇಳುವುದು ಹೀಗೆ: ‘ಏನವ್ವಾ, ಇಷ್ಟು ದಿನ ಆದ್ರೂ ನಿನಗ ರೊಟ್ಟಿ ಬಡೀಲಾಕ ಬರಲ್ಲ ಅಂದ್ರ!’ ಹುಡುಗಿಗೆ ಅಳು ಬರುತ್ತದೆ. ಅಂಚಿನ ಸುದ್ದಿ ಅವಳಿಗೆ ತಲುಪಲೇ ಇಲ್ಲ.

ತರಬೇತಿ ಮುಗಿಸಿ ಬಂದ ಮೇಲ್ವಿಚಾರಕಿ ಹೇಳುವುದು ಹೀಗೆ: ‘ನೀ ಭಾಳ ಚಲೋ ಹುಡುಗಿ ಇದ್ದಿ. ರೊಟ್ಟಿ ಸ್ವಲ್ಪ ನೋಡ್ಕೊಂಡು ಮಾಡು. ಉಳಿದದ್ದೆಲ್ಲಾ ಮಸ್ತ್ ಅದ.’ ಹುಡುಗಿ ನಗುತ್ತಾ ಹೋಗುತ್ತಾಳೆ. ನಾಳೆಯೂ ಅಂಚು ಸೀಳುತ್ತದೆ. ‘ಸ್ವಲ್ಪ ನೋಡ್ಕೊಂಡು’ ಅಂದರೆ ಏನು ನೋಡಬೇಕು, ಪಾಪ?

ಈಗ ಇದನ್ನು ಕೇಳಿ: ‘ತಂಗಿ, ನಿನ್ನ ರೊಟ್ಟಿ ಎಲ್ಲಾ ಒಂದೇ ಅಳತಿ ಬರ್ಲಾಕತ್ಯಾವ, ಒಂದೂ ಕರಕ್ ಆಗಿಲ್ಲ. ಉರಿ ಹಿಂಗೇ ಇಡು. ಅಂಚು ಮಾತ್ರ ಸೀಳಲಾಕತ್ಯದ. ಪ್ಯಾಕೆಟ್‌ನಾಗ ಅಲ್ಲಿಂದನೇ ಮುರೀತಾವ, ಅಂಗಡಿಯವರು ವಾಪಸ್ ಕೊಡ್ತಾರ. ನೀರು ಕುದೀತಿರಬೇಕಾದ್ರನೇ ಹಿಟ್ಟಿಗಿ ಹಾಕು, ಇನ್ನೊಂದಿಷ್ಟು ನಾದು.’

ಇಲ್ಲೂ ಮೊದಲು ಮೆಚ್ಚುಗೆ, ಆಮೇಲೆ ತಪ್ಪು ಬಂದಿದೆ, ಹಾಗಾದರೆ ಸ್ಯಾಂಡ್‌ವಿಚ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ‘ಚಲೋ ಹುಡುಗಿ’ ಎಂಬ ಮಾತನ್ನು ಯಾರೂ ಪರೀಕ್ಷೆ ಮಾಡಲು ಆಗುವುದಿಲ್ಲ. ‘ಒಂದೂ ಕರಕ್ ಆಗಿಲ್ಲ’ ಎಂಬುದನ್ನು ಬುಟ್ಟಿಯಲ್ಲಿ ಕೈ ಹಾಕಿ ನೋಡಬಹುದು. ಅದು ಖರೆ ಎಂದು ಕಂಡ ಮೇಲೆ ಅಂಚಿನ ಮಾತೂ ಖರೆ ಇರಬೇಕು ಅನ್ನಿಸುತ್ತದೆ. ಜೊತೆಗೆ, ‘ಉರಿ ಹಿಂಗೇ ಇಡು’ ಎಂದದ್ದರಿಂದ ಅವಳು ಅಂಚು ಸರಿ ಮಾಡುವ ಗಡಿಬಿಡಿಯಲ್ಲಿ ಉರಿಯನ್ನು ಬದಲಿಸುವುದಿಲ್ಲ.

ತಪ್ಪಿನ ಮಾತಿನಲ್ಲೂ ಮೂರು ಸಂಗತಿ ಒಟ್ಟಿಗೆ ಬಂದಿವೆ. ಏನಾಗಿದೆ, ಅದರಿಂದ ಏನು ನಷ್ಟ, ಮುಂದೆ ಏನು ಮಾಡಬೇಕು. ಮೂರನೆಯದನ್ನು ಹೇಳಲು ಕೆಲಸದ ಒಳಸುದ್ದಿ ಗೊತ್ತಿರಬೇಕು. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಕುದಿವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ, ಆ ಜಿಗುಟೇ ರೊಟ್ಟಿಯನ್ನು ಹಿಡಿದಿಡುವುದು. ನೀರು ಆರಿದ್ದರೆ, ನಾದುವುದು ಕಮ್ಮಿಯಾದರೆ, ಬಡಿಯುವಾಗ ಅಂಚು ಬಿಡುತ್ತದೆ. ಇದು ಗೊತ್ತಿದ್ದವರು ‘ನೀರು’ ಎನ್ನುತ್ತಾರೆ. ಗೊತ್ತಿಲ್ಲದವರು ‘ನಿನಗ ಲಕ್ಷ್ಯ ಇಲ್ಲ’ ಎನ್ನುತ್ತಾರೆ. ಕಾರಣ ಗೊತ್ತಿಲ್ಲದಿದ್ದರೆ ಕಂಡದ್ದನ್ನಷ್ಟೇ ಹೇಳಿ, ಗುಣದ ಮೇಲೆ ಹೋಗಬೇಡಿ.

ಒಂದು ಸಲಕ್ಕೆ ಒಂದೇ ತಪ್ಪು, ಹೆಚ್ಚೆಂದರೆ ಎರಡು. ಚೀಟಿಯಲ್ಲಿ ಹತ್ತು ಬರೆದುಕೊಂಡಿದ್ದರೂ ಎಂಟನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

‘ಶಾಣ್ಯಾ ಇದ್ದಿ’ ಎನ್ನುವ ಮುಂಚೆ

ಮನುಷ್ಯನನ್ನು ಬೈಯಬಾರದು, ಕೆಲಸದ ಬಗ್ಗೆ ಹೇಳಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಹೊಗಳುವಾಗಲೂ ಅದೇ ನಿಯಮ ಎಂದರೆ ಹುಬ್ಬೇರಿಸುತ್ತಾರೆ. ಆದರೆ 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಎಂಬ ಇಬ್ಬರು ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇದೇ. ಅಭಿಪ್ರಾಯ ಹೇಳಿದ್ದರಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಪ್ರಸಂಗಗಳಲ್ಲಿ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಕಡೆ ಹೊರಳಿದಾಗ ಲಾಭ ಕಮ್ಮಿಯಾಗುತ್ತದೆ ಎಂಬುದು ಅವರ ವಿವರಣೆ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ.

ಮಕ್ಕಳ ವಿಷಯದಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಿದವರು ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್. 1998ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಕೆಲವು ಮಕ್ಕಳಿಗೆ ‘ನೀನು ಬುದ್ಧಿವಂತ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದರು. ಆಮೇಲೆ ಕಷ್ಟದ ಒಗಟು ಬಂದು ಸೋತಾಗ, ಬುದ್ಧಿವಂತ ಅನ್ನಿಸಿಕೊಂಡವರೇ ಬೇಗ ಕುಸಿದರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂತ ನಮ್ಮಲ್ಲಿ ಮಾತಿದೆಯಲ್ಲ, ಅದು ಮಕ್ಕಳಿಗೂ ತಪ್ಪಿದ್ದಲ್ಲ.

ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದ ನೆನಪಿಗೆ ಮಾಡುವ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮಗಳು ಭಾಷಣ ತಯಾರು ಮಾಡಿದ್ದಾಳೆ. ಮನೆಯಲ್ಲಿ ಒಪ್ಪಿಸುತ್ತಾಳೆ. ‘ನಮ್ಮ ಹುಡುಗಿ ಭಾಳ ಶಾಣ್ಯಾ’ ಎಂದು ಬೆನ್ನು ತಟ್ಟಿದರೆ ಅವಳಿಗೆ ಖುಷಿ, ಅಷ್ಟೇ. ಅದರ ಬದಲು ಹೀಗೆ ಹೇಳಿ: ‘1948ರಾಗ ಸೆಪ್ಟೆಂಬರ್ 13ಕ್ಕ ಸೈನ್ಯ ಬಂದದ್ದು, 17ಕ್ಕ ನಿಜಾಮ ಸೋಲು ಒಪ್ಪಿದ್ದು, ದಿನ ದಿನ ಕ್ರಮವಾಗಿ ಹೇಳ್ದಿ ನೋಡು, ಅಲ್ಲಿ ನನಗ ಕತಿ ಹಿಡೀತು. ಮೊದಲು ವೇದಿಕಿ ಮ್ಯಾಲಿನವರ ಹೆಸರು ಹೇಳೋದ್ರಾಗೇ ಎರಡು ನಿಮಿಷ ಹೋಯ್ತು. ಅದು ಕಮ್ಮಿ ಮಾಡು.’ ಮುಂದಿನ ಸಲ ಯಾವ ವಿಷಯ ಕೊಟ್ಟರೂ ಕ್ರಮವಾಗಿ ಹೇಳಬೇಕು ಎಂಬುದು ಅವಳ ಕೈಯಲ್ಲಿ ಉಳಿಯುತ್ತದೆ.

ಶಿಕ್ಷಕರಿಗೆ ಇನ್ನೊಂದು ಸಣ್ಣ ಉಪಾಯ. ಡೇವಿಡ್ ಯೇಗರ್ ಮತ್ತು ಜೊತೆಗಾರರು ಅಮೆರಿಕದ ಶಾಲೆಯೊಂದರ ಏಳನೇ ತರಗತಿಯಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಪ್ರಬಂಧದಲ್ಲಿ ತಪ್ಪುಗಳನ್ನು ಗುರುತು ಮಾಡಿ, ಅರ್ಧ ಮಕ್ಕಳಿಗೆ ಒಂದು ಚೀಟಿ ಅಂಟಿಸಿದರು: ನಿನ್ನ ಮೇಲೆ ದೊಡ್ಡ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟಬಲ್ಲೆ, ಅದಕ್ಕೇ ಇಷ್ಟೆಲ್ಲ ಬರೆದಿದ್ದೇನೆ ಎಂಬರ್ಥದ್ದು. ಉಳಿದವರ ಚೀಟಿಯಲ್ಲಿ ಬರೀ ‘ಇದು ನನ್ನ ಅಭಿಪ್ರಾಯ’ ಎಂಬ ಒಣ ಮಾತು. ಶಿಕ್ಷಕರು ನಮ್ಮನ್ನು ಕೀಳಾಗಿ ನೋಡುತ್ತಾರೇನೋ ಎಂಬ ಅನುಮಾನ ಇರಬಹುದಾದ ಕಪ್ಪು ಜನಾಂಗದ ಮಕ್ಕಳಲ್ಲಿ ವ್ಯತ್ಯಾಸ ದೊಡ್ಡದು. ಒಣ ಚೀಟಿ ಸಿಕ್ಕವರಲ್ಲಿ ಶೇ 17ರಷ್ಟು ಮಂದಿ ಪ್ರಬಂಧ ತಿದ್ದಿ ತಂದರು, ಇನ್ನೊಂದು ಚೀಟಿ ಸಿಕ್ಕವರಲ್ಲಿ ಶೇ 70ಕ್ಕೂ ಹೆಚ್ಚು. ತಪ್ಪುಗಳಿಗೆ ರಿಯಾಯಿತಿ ಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ‘ನಮ್ಮ ಭಾಗದ ಮಕ್ಕಳು ಇಷ್ಟೇ’ ಎಂಬ ಮಾತು ಕೇಳಿ ಬೆಳೆದ ಮಕ್ಕಳು ಕಲಬುರಗಿ, ಯಾದಗಿರಿಯ ತರಗತಿಗಳಲ್ಲೂ ಕೂತಿದ್ದಾರೆ. ಕೆಂಪು ಪೆನ್ನಿನ ಪಕ್ಕ ಇಂಥ ಒಂದು ಸಾಲು ಬರೆಯಲು ಖರ್ಚೇನಿಲ್ಲ. ಮನಸ್ಸಿನಲ್ಲಿ ನಂಬಿಕೆ ಇಲ್ಲದೆ ಮಾತ್ರ ಬರೆಯಬೇಡಿ, ಮಕ್ಕಳಿಗೆ ಬೇಗ ತಿಳಿಯುತ್ತದೆ.

ಯಾವಾಗ ಹೇಳಬೇಕು

ತಿದ್ದಲು ಇನ್ನೂ ಸಮಯ ಇರುವಾಗ. ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನಯ ಮಾಡಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಚಿತ್ರ ಗೀಚುತ್ತಾರೆ. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬಳ್ಳಿಯ ತಿರುವು ಸರಿಯಿಲ್ಲ ಎನ್ನುವುದಾದರೆ ಚಿತ್ರ ಗೀಚಿದಾಗಲೇ ಹೇಳಬೇಕು. ಬೆಳ್ಳಿ ಬಡಿದು ಕೂರಿಸಿದ ಮೇಲೆ ಹೇಳಿದರೆ ಕೆಲಸ ಕಲಿಯುವ ಹುಡುಗನಿಗೆ ಉಳಿಯುವುದು ಬೇಜಾರು ಮಾತ್ರ. ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಕರೆದು ಹನ್ನೆರಡು ತಿಂಗಳ ತಪ್ಪು ಒಪ್ಪಿಸುವ ಪದ್ಧತಿ ಇದೆಯಲ್ಲ, ಅದೂ ಇದೇ ಜಾತಿಯದ್ದು.

ಬರೀ ಮೆಚ್ಚುಗೆಗೂ ಒಂದು ಬೇರೆ ದಿನ ಹುಡುಕಿ. ತಿದ್ದುವುದು ಏನೂ ಇಲ್ಲದ ದಿನ ಹೋಗಿ ಒಂದು ಮಾತು ಹೇಳಿ, ಸುಮ್ಮನೆ ವಾಪಸ್ ಬನ್ನಿ. ಮಾತಿನ ಹಿಂದೆ ಬಾಲ ಇಲ್ಲ ಎಂದು ಕಂಡಾಗಲೇ ಹೊಗಳಿಕೆಗೆ ಬೆಲೆ.

ಯಾರಿಗೆ, ಯಾರ ಮುಂದೆ

ತಪ್ಪನ್ನು ಒಬ್ಬರೇ ಇರುವಾಗ ಹೇಳಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ನಾಲ್ಕು ಮಂದಿ ಮುಂದೆ ಹೊಗಳುವಾಗಲೂ ಒಂದು ಕ್ಷಣ ಯೋಚಿಸಿ. ಕೆಲವರಿಗೆ ಅದು ಮುಜುಗರ, ಪಕ್ಕದಲ್ಲಿ ಕೂತವರಿಗೆ ಹೊಟ್ಟೆಯುರಿ.

ಹಿರಿಯರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟ. ಕಿರಾಣಿ ಅಂಗಡಿ ಕಾಕಾನ ಉದ್ರಿ ವಹಿಯಲ್ಲಿ ತಾರೀಖೇ ಇಲ್ಲ ಅಂದುಕೊಳ್ಳಿ. ‘ನಿಮಗ ಲೆಕ್ಕ ಇಡ್ಲಾಕ ಬರಲ್ಲ’ ಎಂದರೆ ಅಂಗಡಿ ಮೆಟ್ಟಿಲು ಮತ್ತೆ ಹತ್ತುವ ಹಾಗಿಲ್ಲ. ‘ಕಾಕಾ, ಹೆಸರು ಓಣಿ ಪ್ರಕಾರ ಬರ್ದೀರಿ, ಹುಡಕೋದು ಸಲೀಸದ. ತಾರೀಖು ಇಲ್ಲಲ್ರಿ, ಹೋದ ತಿಂಗಳದ್ದು ಯಾವ್ದು, ಈ ತಿಂಗಳದ್ದು ಯಾವ್ದು ಅಂತ ನನಗ ತಿಳೀವಲ್ದು. ಹೆಂಗ ಮಾಡಮ್ರಿ?’ ಎಂದು ಕೇಳಿ. ‘ರಿ’ ಸೇರಿದೆ, ಪ್ರಶ್ನೆಯಾಗಿದೆ, ವಿಷಯ ಒಂದಿಷ್ಟೂ ಕಮ್ಮಿಯಾಗಿಲ್ಲ. ಗೌರವ ಎಂದರೆ ಮಾತು ನುಂಗುವುದು ಎಂದು ತಿಳಿದವರು ಆಮೇಲೆ ಹಿಂದಿನಿಂದ ಆಡಿಕೊಳ್ಳುತ್ತಾರೆ. ಅದಕ್ಕಿಂತ ಇದು ವಾಸಿ, ಅಲ್ವಾ? ಅತ್ತೆ–ಸೊಸೆಯರ ನಡುವೆ ಹೇಗೆ ಎಂದು ಕೇಳಬೇಡಿ, ಅದಕ್ಕೆ ಬೇರೆ ಪುರವಣಿಯೇ ಬೇಕು.

ಹೇಳಿದ ಮೇಲೆ

ಸುಮ್ಮನಾಗಿ. ಬಹಳ ಮಂದಿ ತಪ್ಪು ಹೇಳಿ ಎದುರಿನವರ ಮುಖ ಸಪ್ಪಗಾದದ್ದು ಕಂಡು, ‘ಹಂಗೇನಿಲ್ಲ ಬಿಡು, ಎಲ್ಲಾ ಚಲೋ ಅದ’ ಎಂದು ತಾವೇ ಅಳಿಸಿಬಿಡುತ್ತಾರೆ. ಅವರ ಉತ್ತರಕ್ಕೆ ಕಾಯಿರಿ. ‘ನನಗ ಕೊಟ್ಟ ಹಿಟ್ಟೇ ಹಳೀದಿತ್ರಿ’ ಎಂದು ಹುಡುಗಿ ಹೇಳಬಹುದು. ಹಳೆಯ ಹಿಟ್ಟಿಗೂ ಅಂಚು ಸೀಳುತ್ತದೆ, ಆಗ ತಿದ್ದಬೇಕಾದದ್ದು ಹಿಟ್ಟು ತಂದವರನ್ನು.

ಮುಂದಿನ ವಾರ ಹೋಗಿ ನೋಡಿ. ಸರಿಯಾಗಿದ್ದರೆ ‘ಅಂಚು ಕೂಡ್ಯದ’ ಎಂದು ಹೇಳಿ, ಅಷ್ಟು ಸಾಕು. ಸರಿಯಾಗಿಲ್ಲದಿದ್ದರೆ ಅದೇ ಮಾತನ್ನು ದನಿ ಏರಿಸಿ ಮತ್ತೆ ಹೇಳಬೇಡಿ. ಪಕ್ಕದಲ್ಲಿ ಕೂತು ಒಂದು ರೊಟ್ಟಿ ಬಡಿದು ತೋರಿಸಿ.