ಕಾರವಾರದ ಯುದ್ಧನೌಕೆ ನೋಡಲು ಹೋಗುವವರಿಗೆ

ಮಡಿಕೇರಿಯ ಸನ್ನಿಸೈಡ್‌ನಲ್ಲಿ, ಅಂದರೆ ಜನರಲ್ ತಿಮ್ಮಯ್ಯ ಸ್ಮಾರಕ ಸಂಗ್ರಹಾಲಯದಲ್ಲಿ, ಟ್ಯಾಂಕ್ ನೋಡಿದ ಮಕ್ಕಳು ಮುಂದೆ ಹಡಗನ್ನೇ ಕೇಳುತ್ತಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಕಾರವಾರಕ್ಕೆ ಕರೆದುಕೊಂಡು ಹೋಗಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ನೌಕೆ, 1976ರಿಂದ 2005ರವರೆಗೆ ನೌಕಾಪಡೆಯಲ್ಲಿತ್ತು.

ಮಂಗಳೂರಿನಿಂದ ರೈಲೇ ಆರಾಮ. ಘಾಟಿ ಇಳಿದು ಮತ್ತೆ ಅಷ್ಟು ದೂರ ಕಾರು ಓಡಿಸಿದರೆ ಸುಮ್ನೆ ಸುಸ್ತು. ನಡುಮಧ್ಯಾಹ್ನ ಮಾತ್ರ ಬೇಡ. ಕೊಡಗಿನ ಚಳಿಗೆ ಒಗ್ಗಿದ ನಮಗೆ ಅಲ್ಲಿನ ಸೆಕೆ ಜಾಸ್ತಿ, ಲೋಹದ ಮೈ ಬೇರೆ ಕಾದಿರುತ್ತದೆ.

ಒಳಗಿನ ಏಣಿ ಕಡಿದಾಗಿದೆ. ಮೆಟ್ಟಿಲಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು ಇಳಿಯಿರಿ. ಬಾಗಿಲು ಗಿಡ್ಡ, ಉದ್ದ ಇರುವವರು ತಲೆ ಜೋಪಾನ. ಸೀರೆಗಿಂತ ಚೂಡಿದಾರ್ ವಾಸಿ. ಮಂಡಿನೋವಿನ ಹಿರಿಯರು ಹೊರಗಿನಿಂದ ಕ್ಷಿಪಣಿ ಕೊಳವೆಗಳನ್ನು ನೋಡಿದರೂ ಸಾಕು. ಮುಖ್ಯವಾಗಿ ನೋಡಬೇಕಾದದ್ದು ಅದೇ ಅಲ್ವಾ?