ಸ್ಕ್ರೂ ನೋಡಿ ಸ್ಕ್ರೂಡ್ರೈವರ್ ಕೊಂಡೆ

ಮನೆಯ ಸಣ್ಣಪುಟ್ಟ ರಿಪೇರಿಗೆ ಬೇಕಾದ ಸಲಕರಣೆ ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ಮನೆಯನ್ನೊಮ್ಮೆ ಸುತ್ತಿ ನೋಡಿದೆ. ಮೈಸೂರಿನ ಚಾಮುಂಡಿಪುರಂನಲ್ಲಿರುವ ನಮ್ಮದು ಹಳೆಯ ಮನೆ. ಬಾಗಿಲಿನ ಕೀಲುಗಳಲ್ಲಿ ಒಂದೇ ಸೀಳಿನ ಸ್ಕ್ರೂಗಳಿವೆ; ಈಚೆಗೆ ಹಾಕಿಸಿದ ಸ್ವಿಚ್ ಬೋರ್ಡು, ಕಪಾಟುಗಳಲ್ಲಿ ಕೂಡು ಗುರುತಿನಂಥ ಸೀಳಿನ ಸ್ಟಾರ್ ಸ್ಕ್ರೂಗಳು. ನಲ್ಲಿಗಳೆಲ್ಲ ಅರ್ಧ ಇಂಚಿನವು. ಬಿಚ್ಚಿದ್ದ ಎರಡು ಹಳೆಯ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು ಸಂತೆಪೇಟೆಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು ಪ್ಲಾಸ್ಟಿಕ್ ಪೆಟ್ಟಿಗೆಯ ದೊಡ್ಡ ಸೆಟ್. ತೆರೆದು ನೋಡಿದರೆ ಬಹುಪಾಲು ವಾಹನದ ಬೋಲ್ಟುಗಳ ತಲೆಗೆ ಕೂರಿಸಿ ತಿರುಗಿಸುವ ಸಾಕೆಟ್‌ಗಳು. ಅದನ್ನು ಹಿಂದಿರುಗಿಸಿ ಬಿಡಿಬಿಡಿಯಾಗಿ ಆರಿಸಿದೆ.

ಹೆಚ್ಚು ಹೊತ್ತು ಕಳೆದದ್ದು ಸ್ಕ್ರೂಡ್ರೈವರ್ ಮುಂದೆ. ಚಪ್ಪಟೆ ತುದಿ ಸೀಳಿನಷ್ಟೇ ಅಗಲವಿರಬೇಕು, ಒಳಗೆ ಅಲುಗಾಡಬಾರದು. ಅಲುಗಾಡಿದರೆ ತಿರುಗಿಸುವಾಗ ಜಾರಿ ಸೀಳನ್ನೇ ಕಿತ್ತುಹಾಕುತ್ತದೆ. ಆಮೇಲೆ ಆ ಸ್ಕ್ರೂವನ್ನು ಹೊರತೆಗೆಯುವುದು ಬಡಗಿಗೂ ಕಷ್ಟ. ಜೇಬಿನ ಸ್ಕ್ರೂಗಳಿಗೆ ಒಂದೊಂದಾಗಿ ಕೂರಿಸಿ ನೋಡಿಯೇ ಕೊಂಡೆ. ಸ್ಟಾರ್‌ನಲ್ಲಿ ಎರಡನೇ ನಂಬರಿನ ತುದಿ ಸಾಮಾನ್ಯವಾಗಿ ಮನೆಯ ಬಹಳಷ್ಟು ಸ್ಕ್ರೂಗಳಿಗೆ ಹೊಂದುತ್ತದೆ. ಹಳೆಯ ಬಾಗಿಲಿನ ಸ್ಕ್ರೂ ಬಿಚ್ಚುವಾಗ ಸೀಳಿನೊಳಗಿನ ಬಣ್ಣವನ್ನು ಮೊಳೆಯಿಂದ ಕೆರೆದು ತೆಗೆಯುತ್ತೇನೆ. ಮೊದಲು ಒಂದಿಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಬಿಟ್ಟಮೇಲೆ ಸಡಿಲಿಸುತ್ತೇನೆ. ಈ ಉಪಾಯಕ್ಕೆ ಬಗ್ಗದ ಸ್ಕ್ರೂಗಳು ಕಡಿಮೆ.

ನಲ್ಲಿಗೆಂದು ಹತ್ತು ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಸಾಕು. ಟಪಾರಿಯಾ ಕಂಪನಿಯದನ್ನು ತೆಗೆದುಕೊಂಡೆ, ಬೆಲೆ ತುಸು ಹೆಚ್ಚಾದರೂ. ಇದರಲ್ಲಿ ನೋಡಬೇಕಾದದ್ದು ಸರಿದಾಡುವ ದವಡೆಯನ್ನು: ಬೆರಳಿನಿಂದ ಒತ್ತಿದಾಗ ಅದು ವಾಲಿದರೆ ನಟ್ಟಿನ ಮೂಲೆಗಳು ಸವೆಯುವುದು ಖಂಡಿತ. ತಿರುಗಿಸುವಾಗ ಬಲವೆಲ್ಲ ಅಲುಗಾಡದ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು. ಹೊಳಪಿನ ನಲ್ಲಿಗೆ ಗೀರು ಬೀಳದಂತೆ ನಡುವೆ ಬಟ್ಟೆ ಇಡುತ್ತೇನೆ.

ಎಂಟು ಇಂಚಿನ ಕಟಿಂಗ್ ಪ್ಲೇಯರ್, ಮೊಳೆ ಕೀಳುವ ಕೊಂಬಿರುವ ಸುತ್ತಿಗೆ, ಅಳತೆ ಟೇಪು, ಲೋಹ ಕೊಯ್ಯುವ ಗರಗಸವಾದ ಹ್ಯಾಕ್ಸಾ ಇವುಗಳ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಹ್ಯಾಕ್ಸಾದ ಬ್ಲೇಡಿನ ಹಲ್ಲು ಹಿಡಿಯಿಂದ ಆಚೆಗೆ ಮುಖ ಮಾಡಿರಬೇಕು, ಅಷ್ಟೆ.

ವಿದ್ಯುತ್ ಇದೆಯೇ ಎಂದು ತೋರಿಸುವ ಟೆಸ್ಟರ್ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಮೊದಲು ವಿದ್ಯುತ್ ಇದ್ದೇ ಇರುವ ಪ್ಲಗ್ ಸಾಕೆಟ್‌ನಲ್ಲಿ ಇಟ್ಟು ದೀಪ ಹತ್ತುವುದನ್ನು ಖಚಿತಪಡಿಸಿಕೊಂಡು, ವಿದ್ಯುತ್ ಕಡಿಯುವ ಸ್ವಿಚ್ಚಾದ ಎಂಸಿಬಿಯನ್ನು ಆಫ್ ಮಾಡಿ, ಕೆಲಸದ ಜಾಗವನ್ನು ಮತ್ತೆ ಪರೀಕ್ಷಿಸುತ್ತೇನೆ. ಟೆಸ್ಟರ್‌ನೊಳಗಿನ ನಿಯಾನ್ ದೀಪ ಕೆಟ್ಟಿದ್ದರೆ ವಿದ್ಯುತ್ ಇರುವ ತಂತಿಯೂ ಇಲ್ಲದ ತಂತಿಯಂತೆ ತೋರುತ್ತದೆ. ಪ್ಲೇಯರ್‌ನ ಪ್ಲಾಸ್ಟಿಕ್ ಹಿಡಿಯನ್ನು ನಂಬಿ ವಿದ್ಯುತ್ ಹರಿಯುವ ತಂತಿಯನ್ನು ಯಾರೂ ಮುಟ್ಟಬಾರದು.

ಮರ ಹೆರೆಯುವ ಕೀಸುಳಿ ಕೊಳ್ಳಲಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಉಜ್ಜಿದರೆ ಉಪ್ಪುಕಾಗದದಿಂದ ತಿಕ್ಕುತ್ತೇನೆ. ಅದಕ್ಕೂ ಮೀರಿದ್ದರೆ ಬಡಗಿಯನ್ನು ಕರೆಯುತ್ತೇನೆ. ಕೀಸುಳಿಯ ಅಲಗನ್ನು ಹರಿತವಾಗಿ ಇಟ್ಟುಕೊಳ್ಳುವುದೇ ಒಂದು ವಿದ್ಯೆ, ಅದು ಅವರ ಕೈಯಲ್ಲಿದೆ.