ತಂಡದ ಪ್ರಾಜೆಕ್ಟಿಗೆ ಲ್ಯಾಬ್ ಸಜ್ಜುಗೊಳಿಸಿದ ಬಗೆ: ನನ್ನ ಅನುಭವ

ಐದನೆಯ ಸೆಮಿಸ್ಟರಿನ ಸಾಫ್ಟ್‌ವೇರ್ ಎಂಜಿನಿಯರಿಂಗ್ ಕೋರ್ಸಿನಲ್ಲಿ 60 ವಿದ್ಯಾರ್ಥಿಗಳನ್ನು ಐವರಂತೆ 12 ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಜಾವಾದಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟು, ಯಾರು ಎಷ್ಟು ಕೆಲಸ ಮಾಡಿದ್ದಾರೆಂಬುದನ್ನು ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನೂ 'ಕಮಿಟ್' ಎಂಬ ದಾಖಲೆಯಾಗಿ, ಮಾಡಿದವರ ಹೆಸರಿನೊಂದಿಗೆ ಉಳಿಸುವ ತಂತ್ರಾಂಶ) ಇತಿಹಾಸದಿಂದಲೇ ಅಳೆಯಬೇಕೆಂದು ಮೊದಲ ವರ್ಷ ನಿರ್ಧರಿಸಿದ್ದೆ. ಮೂರನೆಯ ವಾರ ಒಬ್ಬ ವಿದ್ಯಾರ್ಥಿನಿ ಬಂದು, "ಸರ್, ಲಾಗಿನ್ ಪೇಜ್ ಬರೆದದ್ದು ನಾನು, ಆದರೆ ಕಮಿಟ್‌ನಲ್ಲಿ ಬೆಳಗಿನ ಬ್ಯಾಚಿನವರ ಹೆಸರು ಬರ್ತಿದೆ" ಎಂದಳು.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಲ್ಯಾಬಿನ 30 ಕಂಪ್ಯೂಟರ್‌ಗಳಲ್ಲಿ ಎರಡೂ ಬ್ಯಾಚಿನವರು ಒಂದೇ ವಿಂಡೋಸ್ ಖಾತೆಯನ್ನು ಬಳಸುತ್ತಿದ್ದರು. ಗಿಟ್‌ನಲ್ಲಿ 'ಗ್ಲೋಬಲ್' ಎಂದು ಹೊಂದಿಸಿದ ಹೆಸರು ಮತ್ತು ಇಮೇಲ್ ಆ ಖಾತೆಯ ಹೋಮ್ ಫೋಲ್ಡರಿನಲ್ಲಿ ಉಳಿಯುತ್ತವೆ. ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ಕೂಡ ಮೊದಲು ಲಾಗಿನ್ ಆದವರ ಗುರುತನ್ನೇ ನೆನಪಿಟ್ಟುಕೊಂಡಿರುತ್ತದೆ. ಅಂಕ ಕೊಡುವ ಆಧಾರವೇ ತಪ್ಪಾದ ಮೇಲೆ ಉಳಿದದ್ದನ್ನು ಸರಿಪಡಿಸಿ ಪ್ರಯೋಜನವಿಲ್ಲವೆನಿಸಿ, ಲ್ಯಾಬ್ ಸಿಬ್ಬಂದಿಯೊಂದಿಗೆ ಕುಳಿತು ಪ್ರತಿ ವಿದ್ಯಾರ್ಥಿಗೂ ಯುಎಸ್ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆಸಿದೆ. ಜೊತೆಗೆ ಎಲ್ಲ ಯಂತ್ರಗಳಲ್ಲೂ ಸಿಸ್ಟಮ್ ಮಟ್ಟದಲ್ಲಿ 'ಯೂಸ್ ಕಾನ್ಫಿಗ್ ಓನ್ಲಿ' ಎಂಬ ಆಯ್ಕೆಯನ್ನು ಚಾಲೂ ಮಾಡಿದೆ. ಇದಿದ್ದರೆ ಗಿಟ್ ಇಮೇಲನ್ನು ತಾನಾಗಿ ಊಹಿಸಿಕೊಳ್ಳದೆ, ಅದನ್ನು ಹೊಂದಿಸುವವರೆಗೆ ಕಮಿಟನ್ನೇ ನಿರಾಕರಿಸುತ್ತದೆ.

ರೆಪೊಸಿಟರಿಗಳನ್ನು, ಅಂದರೆ ಪ್ರತಿ ತಂಡದ ಕೋಡು ಮತ್ತು ಅದರ ಇತಿಹಾಸದ ಸಂಗ್ರಹಗಳನ್ನು, ಇಡಲು ಗಿಟೀ ಎಂಬ ಮುಕ್ತ ತಂತ್ರಾಂಶವನ್ನು ಲ್ಯಾಬಿನ ಹಳೆಯ ಸರ್ವರ್‌ನಲ್ಲಿ ಹಾಕಿದೆ. ಅದು ಒಂದೇ ಕಡತದಲ್ಲಿ ಬರುತ್ತದೆ, ಕಡಿಮೆ ಮೆಮೊರಿ ಸಾಕು, ಇಂಟರ್ನೆಟ್ ಇಲ್ಲದಿದ್ದರೂ ಕ್ಯಾಂಪಸ್ ಜಾಲದಲ್ಲಿ ನಡೆಯುತ್ತದೆ.

ಎರಡನೆಯ ತೊಡಕು ಸಾಲಿನ ಅಂತ್ಯದ್ದು. ಸಾಲು ಮುಗಿಯಿತೆಂದು ಸೂಚಿಸುವ ಕಾಣದ ಚಿಹ್ನೆ ವಿಂಡೋಸ್‌ನಲ್ಲಿ ಸಿಆರ್‌ಎಲ್‌ಎಫ್, ಉಬುಂಟುವಿನಲ್ಲಿ ಎಲ್‌ಎಫ್. ಕೆಲವರು ಲ್ಯಾಬಿನ ವಿಂಡೋಸ್‌ನಲ್ಲಿ, ಕೆಲವರು ತಮ್ಮ ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ ಬರೆಯುತ್ತಿದ್ದುದರಿಂದ ಒಂದು ಸಾಲು ತಿದ್ದಿದರೂ ಇಡೀ ಕಡತವೇ ಬದಲಾದಂತೆ ಕಾಣಿಸುತ್ತಿತ್ತು, ಹಾಗಾಗಿ ಪರಿಶೀಲನೆ ಮಾಡುವವರಿಗೆ ನಿಜವಾದ ಬದಲಾವಣೆ ಯಾವುದೆಂದೇ ತಿಳಿಯುತ್ತಿರಲಿಲ್ಲ. ಈಗ ನಾನು ಕೊಡುವ ಆರಂಭದ ರೆಪೊಸಿಟರಿಯಲ್ಲೇ ಗಿಟ್ ಆಟ್ರಿಬ್ಯೂಟ್ಸ್ ಕಡತವಿದ್ದು, ಎಲ್ಲ ಪಠ್ಯ ಕಡತಗಳಿಗೂ ಎಲ್‌ಎಫ್ ಎಂದೂ, ವಿಂಡೋಸ್‌ನ ಸಿಎಮ್‌ಡಿ ಕಡತಗಳಿಗೆ ಮಾತ್ರ ಸಿಆರ್‌ಎಲ್‌ಎಫ್ ಎಂದೂ ಬರೆದಿರುತ್ತೇನೆ. ಮೇವನ್ ರ‍್ಯಾಪರ್ (ಜಾವಾ ಕೋಡನ್ನು ಬಿಲ್ಡ್ ಮಾಡಿ, ಬೇಕಾದ ಲೈಬ್ರರಿಗಳನ್ನು ತರುವ ಮೇವನ್ ಎಂಬ ಸಾಧನದ ನಿಗದಿತ ಆವೃತ್ತಿಯನ್ನು ಓಡಿಸುವ ಪುಟ್ಟ ಸ್ಕ್ರಿಪ್ಟ್) ಕೂಡ ಅದರೊಳಗೇ ಇರುವುದರಿಂದ ಎಲ್ಲರ ಯಂತ್ರದಲ್ಲೂ ಒಂದೇ ಆವೃತ್ತಿಯ ಮೇವನ್ ಓಡುತ್ತದೆ. ಪ್ರತ್ಯೇಕ ಖಾತೆಗಳಾದ ಮೇಲೆ ಪ್ರತಿಯೊಬ್ಬರಿಗೂ ಲೈಬ್ರರಿಗಳು ಹೊಸದಾಗಿ ಡೌನ್‌ಲೋಡ್ ಆಗತೊಡಗಿ ಜಾಲ ಕಟ್ಟಿಕೊಂಡದ್ದರಿಂದ, ಅವು ಡಿ ಡ್ರೈವಿನ ಸಾಮಾನ್ಯ ಫೋಲ್ಡರಿನಲ್ಲಿ ಉಳಿಯುವಂತೆ ಎನ್ವಿರಾನ್ಮೆಂಟ್ ವೇರಿಯಬಲ್ (ತಂತ್ರಾಂಶಗಳು ಓದಿಕೊಳ್ಳುವ ಯಂತ್ರದ ಸೆಟ್ಟಿಂಗ್) ಹೊಂದಿಸಿದೆ.

ಮೇನ್ ಬ್ರಾಂಚಿಗೆ (ತಂಡದ ಎಲ್ಲರ ಕೋಡು ಸೇರುವ ಮುಖ್ಯ ಕವಲಿಗೆ) ಯಾರೂ ನೇರವಾಗಿ ಪುಶ್ ಮಾಡುವಂತಿಲ್ಲ, ಅಂದರೆ ಕೋಡು ಕಳುಹಿಸುವಂತಿಲ್ಲ. ತಂಡದ ಇನ್ನೊಬ್ಬರ ಒಪ್ಪಿಗೆ ಬೇಕೇ ಬೇಕು. ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಸ್ವಯಂಚಾಲಿತ ಬಿಲ್ಡ್ ವ್ಯವಸ್ಥೆಯನ್ನು ಮೊದಲ ತಿಂಗಳು ನಾನು ಬೇಕೆಂದೇ ಕೊಡುವುದಿಲ್ಲ. ಒಪ್ಪಿಗೆ ಕೊಡುವವರು ಹೊಸ ಬದಲಾವಣೆ ಇರುವ ಬ್ರಾಂಚನ್ನು ತಮ್ಮ ಯಂತ್ರಕ್ಕೆ ತಂದು, ಟೆಸ್ಟ್‌ಗಳನ್ನು ಓಡಿಸಿ, ಅನಂತರವೇ ಒಪ್ಪಬೇಕು. ಹೀಗೆ ಮಾಡಿದವರು ಗೆಳೆಯರ ಕೋಡನ್ನು ನಿಜವಾಗಿಯೂ ಓದುತ್ತಾರೆ.

ಮೊದಲ ಎರಡು ಲ್ಯಾಬ್ ತರಗತಿಗಳಲ್ಲಿ ಪ್ರಾಜೆಕ್ಟಿನ ಮಾತಿಲ್ಲ. ತಂಡದ ಐವರೂ ಒಂದೇ ಜಾವಾ ಕಡತದ ಒಂದೇ ಸಾಲಿನಲ್ಲಿ ತಮ್ಮ ಹೆಸರನ್ನು ಸೇರಿಸಿ ಪುಲ್ ರಿಕ್ವೆಸ್ಟ್ (ತನ್ನ ಬದಲಾವಣೆಯನ್ನು ಮೇನ್ ಬ್ರಾಂಚಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸಬೇಕು. ಮೊದಲನೆಯದು ಸೇರಿದೊಡನೆ ಉಳಿದ ನಾಲ್ವರಿಗೂ ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಸಾಲಿನ ಎರಡು ಬದಲಾವಣೆಗಳ ಘರ್ಷಣೆ) ಎದುರಾಗುತ್ತದೆ, ಅದನ್ನು ನನ್ನ ಎದುರಿನಲ್ಲೇ ಬಿಡಿಸಿಕೊಳ್ಳುತ್ತಾರೆ.

ಸೆಮಿಸ್ಟರ್ ಆರಂಭವಾಗುವ ಮುಂಚಿನ ವಾರ ನಾನೇ ಒಂದು ಹೊಸ ಖಾತೆಯಲ್ಲಿ ಲಾಗಿನ್ ಆಗಿ, ವಿದ್ಯಾರ್ಥಿಗಳಿಗೆ ಕೊಡಲಿರುವ ಸೂಚನಾ ಹಾಳೆಯನ್ನು ಮುಂದಿಟ್ಟುಕೊಂಡು, ಅದರಲ್ಲಿಲ್ಲದ ಒಂದು ಹೆಜ್ಜೆಯನ್ನೂ ಇಡದೆ ಕ್ಲೋನ್‌ನಿಂದ ಮರ್ಜ್‌ವರೆಗೆ, ಅಂದರೆ ರೆಪೊಸಿಟರಿಯ ಪ್ರತಿ ಇಳಿಸಿಕೊಳ್ಳುವುದರಿಂದ ಬದಲಾವಣೆ ಮೇನ್ ಬ್ರಾಂಚಿಗೆ ಸೇರುವವರೆಗೆ, ಹೋಗುತ್ತೇನೆ. ಕಳೆದ ಬಾರಿ ಹಾಗೆ ಹೋಗುವಾಗ ಜಾವಾ ಹೋಮ್ (ಯಂತ್ರದಲ್ಲಿ ಜಾವಾ ಎಲ್ಲಿದೆಯೆಂದು ತಿಳಿಸುವ ಸೆಟ್ಟಿಂಗ್) ಹೊಂದಿಸುವ ಹೆಜ್ಜೆ ಹಾಳೆಯಲ್ಲಿ ಬಿಟ್ಟುಹೋಗಿರುವುದು ಗೊತ್ತಾಯಿತು. ಅದನ್ನು ಸೇರಿಸಿದ ಮೇಲೆಯೇ 60 ಪ್ರತಿಗಳನ್ನು ಮುದ್ರಿಸಲು ಕೊಟ್ಟೆ.